ವಾರಕ್ಕೊಮ್ಮೆ, ಮೂರನೇ ಒಂದು ಭಾಗ

ಉಪ್ಪು ಕಡಿಮೆಯಾಗಿತ್ತು. ಅವನು ಮೀಟರಿನ ಕಡ್ಡಿ ಒರೆಸಿ ಮತ್ತೆ ಅದ್ದಿ ನೋಡಿದ. ಸೋಮವಾರದ ಸೀಸೆಗಿಂತ ಮಂಗಳವಾರದ್ದರಲ್ಲಿ ಕಡಿಮೆ, ಮಂಗಳವಾರಕ್ಕಿಂತ ಬುಧವಾರದ್ದರಲ್ಲಿ ಇನ್ನೂ ಕಡಿಮೆ. ನೀರು ಆವಿಯಾಗಬಹುದು, ಉಪ್ಪು ಆವಿಯಾಗುವುದಿಲ್ಲ. ಊರಿನ ಕುಡಿಯುವ ನೀರನ್ನು ಹದಿನೆಂಟು ವರ್ಷ ಪರೀಕ್ಷಿಸಿದವನಿಗೆ ಇಷ್ಟಾದರೂ ಗೊತ್ತಿತ್ತು.

"ಇದು ಯಾವ ಏರಿಯಾದ ಸ್ಯಾಂಪಲ್ಲು ಸರ್?" ಎಂದು ಪ್ರಯೋಗಾಲಯದ ಸಹಾಯಕಿ ಕೇಳಿದರು.

"ನಮ್ಮ ಮನೆ ಮೀನಿನ ತೊಟ್ಟಿದು. ಮೀನು ಸೊರಗಿದೆ ಅಂತ ಭಾನುವಾರ ಒಂದು ಚಮಚ ಉಪ್ಪು ಹಾಕಿದ್ದೆ. ಆಮೇಲೆ ನಾನು ಮುಟ್ಟಿಲ್ಲ."

"ಹಾಗಾದ್ರೆ ಯಾರೋ ದಿನಾ ನೀರು ಬದಲಾಯಿಸ್ತಿದಾರೆ. ಮನೇಲಿ ಕೇಳಿದ್ರಾಯ್ತಪ್ಪ."

"ಅದನ್ನೆಲ್ಲ ಹೇಗೆ ಕೇಳೋದು?"

"ಇಡೀ ಊರಿಗೆ ನೋಟಿಸು ಕಳಿಸ್ತೀರಿ!" ಆಕೆ ನಕ್ಕು ಸೀಸೆ ತೊಳೆಯಲು ಹೋದರು.

ಆ ಗಾಜಿನ ತೊಟ್ಟಿ ಹೆಂಡತಿಯ ತಮ್ಮನದು. ವರ್ಗವಾದಾಗ ಐದು ಮೀನುಗಳ ಸಮೇತ ಇವರ ಹಜಾರದಲ್ಲಿಟ್ಟು ಹೋಗಿದ್ದ. "ವಾರಕ್ಕೊಮ್ಮೆ, ಮೂರನೇ ಒಂದು ಭಾಗ. ಜಾಸ್ತಿನೂ ಬೇಡ, ಕಮ್ಮಿನೂ ಬೇಡ ಭಾವ. ಒಂದೇ ಸಮ ಹೊಸ ನೀರಾದ್ರೆ ಅವು ತಡಕೊಳ್ಳಲ್ಲ," ಎಂದಿದ್ದ. ಬದಲಾಯಿಸಬೇಕಾದವರು ಯಾರೆಂದು ಮಾತ್ರ ಹೇಳಿರಲಿಲ್ಲ. ಹೆಂಡತಿ ಮರೆತಿದ್ದಾಳೆ, ನೆನಪಿಸಿದರೆ ತಮ್ಮನ ವಸ್ತುವಿನ ಬಗ್ಗೆ ಆಕ್ಷೇಪಿಸಿದಂತಾಗುತ್ತದೆ ಎಂದುಕೊಂಡು, ಅವಳು ಸ್ನಾನಕ್ಕೆ ಹೋದಾಗ ಅವನೇ ಗುಟ್ಟಾಗಿ ಮಾಡಿ ಮುಗಿಸುತ್ತಿದ್ದ. ಮೊದಲ ಮೀನು ಸತ್ತಾಗ ವಾರಕ್ಕೆರಡು ಸಲ ಮಾಡಿದ. ಎರಡನೆಯದು ಸತ್ತಾಗ ಮೂರು ಸಲ. ಈಗ ಉಳಿದದ್ದು ಒಂದೇ.

ಆ ಮನೆಯಲ್ಲಿ ಜಗಳವೆಂಬುದಿರಲಿಲ್ಲ. ಸಹೋದ್ಯೋಗಿಗಳ ಮುಂದೆ ಅವನು ಇದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದ. ಏನಾದರೂ ಇರಿಸುಮುರಿಸಾದರೆ ಇಬ್ಬರಲ್ಲೊಬ್ಬರು ಬೇರೆ ಮಾತು ತೆಗೆದುಬಿಡುತ್ತಿದ್ದರು.

ಮಧ್ಯಾಹ್ನ ತಲೆನೋವೆಂದು ಹೇಳಿ ಹೊರಟ. ತಲೆನೋವಿರಲಿಲ್ಲ, ಕುತೂಹಲವಿತ್ತು. ಹೆಂಡತಿ ಶಾಲೆಯ ಪಾಠ ಮುಗಿಸಿ ಒಂದು ಗಂಟೆಗೆ ಬರುತ್ತಾಳೆ, ಅವನು ಆರಕ್ಕೆ. ನಡುವಿನ ಐದು ಗಂಟೆ ಅವಳು ಏನು ಮಾಡುತ್ತಾಳೆಂದು ಮದುವೆಯಾದ ಹದಿನಾರು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲವೆಂಬುದು ಮೆಟ್ಟಿಲು ಹತ್ತುವಾಗ ಹೊಳೆಯಿತು. ತನ್ನ ಮನೆಗೆ ತಾನೇ ಕಳ್ಳಹೆಜ್ಜೆಯಲ್ಲಿ ಹೋಗುತ್ತಿರುವುದಕ್ಕೆ ನಗುವೂ ಬಂತು.

ಬಾಗಿಲು ಅರೆ ತೆರೆದಿತ್ತು. ಒಳಗೆ ಯಾರೋ ಬೈಯುತ್ತಿದ್ದರು.

"ಮುಖ ಊದಿಸ್ಕೊಂಡು ಕೂತ್ರೆ ಆಯ್ತಾ? ಏನಾಗಿದೆ ಅಂತ ಹೇಳೋಕೆ ನಿಂಗೇನು ದೊಡ್ಡ ರೋಗ? ದಿನಾ ನೀರು ಹೊತ್ತೂ ಹೊತ್ತೂ ನನ್ನ ಸೊಂಟ ಬಿದ್ದೋಯ್ತು!"

ಹೆಂಡತಿ ಸೆರಗು ಸಿಕ್ಕಿಸಿಕೊಂಡು, ಪೈಪಿನಿಂದ ತೊಟ್ಟಿಯ ನೀರನ್ನು ಖಾಲಿ ಬಕೆಟ್ಟಿಗೆ ಇಳಿಸುತ್ತಿದ್ದಳು. ಪಕ್ಕದಲ್ಲಿ ಇನ್ನೊಂದು ಬಕೆಟ್, ಹೊಸ ನೀರಿನದು. ಅವಳಿಗೆ ಹೀಗೆ ಬೈಯಲು ಬರುತ್ತದೆಂದೇ ಅವನಿಗೆ ಗೊತ್ತಿರಲಿಲ್ಲ. ಎಷ್ಟು ಚೆನ್ನಾಗಿ ಬೈಯುತ್ತಾಳೆ! ಇನ್ನಷ್ಟು ಕೇಳಬೇಕೆನಿಸಿತು. ಮೀನಿನ ಮೇಲೆ ಹೊಟ್ಟೆಕಿಚ್ಚಾಯಿತು.

ಚಪ್ಪಲಿ ಸದ್ದಿಗೆ ಅವಳು ತಿರುಗಿದಳು. ದನಿ ಎಂದಿನ ಮೆತ್ತನೆಯ ದನಿಯಾಯಿತು.

"ಬೇಗ ಬಂದ್ರಾ?"

"ಹೂಂ. ಕೆಲಸ ಕಮ್ಮಿ ಇತ್ತು."

"ಟೀ ಮಾಡ್ಲಾ?"

"ಆಮೇಲೆ."

"ನೀರು ಕೊಳೆ ಆಗಿತ್ತು. ನಿಮಗೆಲ್ಲಿ ಪುರುಸೊತ್ತಿರತ್ತೆ ಅಂತ…"

"ಹೌದು. ಇರಲ್ಲ."

ಹೇಳಬೇಕಾಗಿದ್ದದ್ದು ಎರಡೇ ಮಾತು. ನಾನೂ ಬದಲಾಯಿಸುತ್ತಿದ್ದೆ, ಇನ್ನು ಇಬ್ಬರೂ ನಿಲ್ಲಿಸೋಣ. ಹೇಳಿದರೆ ಆ ಒಂದು ಮೀನು ಬದುಕಬಹುದು. ಆದರೆ ಹೇಳಿದ ಮೇಲೆ ಯಾಕೆ ಬಚ್ಚಿಟ್ಟೆವೆಂಬ ಮಾತು ಬರುತ್ತದೆ, ಅದರ ಬೆನ್ನಿಗೇ ಹದಿನಾರು ವರ್ಷ ಆಡದೆ ಉಳಿದ ಮಾತುಗಳೆಲ್ಲ ಬರುತ್ತವೆ. ಅವನಿಗೆ ಭಯವಾಯಿತು. ಅವಳು ಪೈಪು ಹಿಡಿದುಕೊಂಡೇ ಅವನ ಮುಖ ನೋಡುತ್ತಿದ್ದಳು. ಏನನ್ನೋ ಕಾಯುತ್ತಿದ್ದಂತಿತ್ತು.

"ಬಕೆಟ್ ಭಾರ ಇರತ್ತೆ," ಎಂದ. "ಬಿಡು, ನಾನು ಹಾಕ್ತೀನಿ."

ಅವಳು ಪೈಪು ಹೊರಗೆ ತೆಗೆದು, "ಹಾಕಿ," ಎಂದಳು.

ಹೊಸ ನೀರನ್ನು ಅವನು ಪೂರ್ತಿ ಸುರಿದ. ಇಬ್ಬರೂ ತೊಟ್ಟಿಯ ಎರಡು ಬದಿಯಿಂದ ಬಗ್ಗಿ ನೋಡಿದರು. ನೀರು ಎಷ್ಟು ತಿಳಿಯಾಗಿತ್ತೆಂದರೆ ಆಚೆ ಬದಿಯಲ್ಲಿ ಅವಳ ಹುಬ್ಬಿನ ಒಂದೊಂದು ಕೂದಲೂ ಕಾಣುತ್ತಿತ್ತು. ನಡುವೆ ಮೀನು, ತೊಟ್ಟಿಯಲ್ಲಿ ನೀರೇ ಇಲ್ಲವೇನೋ ಎಂಬಂತೆ, ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು.