ಅಳೆಯದ ನೆರಳು

ಎಲ್ಲಿ ತಪ್ಪಿದೆ? ಕೋಲಿನ ನೆರಳು ಕೋಲಿನಷ್ಟೇ ಉದ್ದವಾದ ಗಳಿಗೆಯಲ್ಲಿ ಮರದ ನೆರಳೂ ಮರದಷ್ಟೇ ಉದ್ದ. ಇದರಲ್ಲಿ ತಪ್ಪಲು ಏನಿದೆ? ಆದರೂ ರೇವಣಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಒಣಗಿ ಟೊಳ್ಳಾದ ಬೇವಿನ ಮರ ಮುಂಗಾರಿನ ಗಾಳಿಗೆ ತಾನೇ ಬೀಳುವ ಮೊದಲು ಕಡಿಯಬೇಕಿತ್ತು. ಒಂದು ಕಡೆ ಬಾವಿ, ಇನ್ನೆರಡು ಕಡೆ ನೆರೆಯವರ ಗೋಡೆ. ಕೆಡವಲು ಉಳಿದದ್ದು ತಮ್ಮ ಅಂಗಳ ಮಾತ್ರ. ಅಂಗಳದ ಕೊನೆಯ ಖೋಲಿಯಲ್ಲಿ ತಂಗಿ ಚಂಪಾಬಾಯಿ ಎಳೆಗೂಸಿನೊಂದಿಗೆ ಮಲಗಿದ್ದಳು. ಬಾಣಂತಿ ಹೊಸ್ತಿಲು ದಾಟುವಂತಿಲ್ಲ ಎಂದು ಅವ್ವ ಮಾಣಿಕಬಾಯಿ ಹಟ ಹಿಡಿದಿದ್ದಳು. ಮರದ ತುದಿ ಖೋಲಿಯವರೆಗೆ ಬರುತ್ತದೆಯೇ? ಗುಲ್ಬರ್ಗಾದ ಸರ್ಕಾರಿ ಮದರಸಾದಲ್ಲಿ ಉರ್ದುವಿನಲ್ಲಿ ರೇಖಾಗಣಿತ ಓದಿ ತನ್ನೂರು ಮುರುಮಕ್ಕೆ ಮರಳಿದ್ದ ಅವನನ್ನೇ ಎಲ್ಲರೂ ಕೇಳಿದ್ದರು.

ಅಳೆಯಲು ಹಗ್ಗವೂ ಇತ್ತು. ಪ್ರತಿ ಶ್ರಾವಣದಲ್ಲಿ ಮನೆಯ ಗುರು ರಾಚಯ್ಯನವರು ಬೇವಿನ ಬೊಡ್ಡೆಯಿಂದ ಖೋಲಿಯ ಗೋಡೆಗೆ ಬಿಗಿದು ಕಟ್ಟುತ್ತಿದ್ದ ತೋರಣದ ಹಗ್ಗ; ಅದರ ಉದ್ದ ಎಂದರೆ ಬೊಡ್ಡೆಯಿಂದ ಖೋಲಿಗೆ ಇರುವ ದೂರ. ನಿನ್ನೆ ಅದನ್ನೇ ನೆರಳಿನ ಮೇಲೆ ಹಾಸಿದ್ದ. ನೆರಳು ಮುಗಿದ ಮೇಲೂ ಹಗ್ಗ ಮಾರುದ್ದ ಉಳಿದಿತ್ತು.

"ಖೋಲಿ ತನಕ ಬರಾಂಗಿಲ್ಲವ್ವಾ," ಎಂದಿದ್ದ.

"ಖರೇನಾ?"

"ಲೆಕ್ಕ ಮಾಡಿ ಹೇಳ್ಲತ್ತೀನಿ."

ಈಗ ಕೊಡಲಿಯ ಪೆಟ್ಟು ಬೀಳುತ್ತಿತ್ತು. ಅವನು ಬಾವಿಯಿಂದ ಬಾಗಿಲಿಗೆ, ಬಾಗಿಲಿನಿಂದ ಬಾವಿಗೆ ಅಲೆಯುತ್ತಿದ್ದ. ಅಣ್ಣ ಬಸವಣ್ಣೆಪ್ಪನಿಗೆ ನಗು ಬಂತು.

"ಹಡದಾಕಿ ಚಂಪಾ, ಬ್ಯಾನಿ ತಿನ್ಲತ್ತಾಂವ ನೀ! ಒಂದ್ ಕಡಿ ಕೂಡೋ ಮಾರಾಯಾ."

ಮರದ ಸುತ್ತ ಅಗಲವಾದ ಕಲ್ಲಿನ ಕಟ್ಟೆಯಿತ್ತು. ಅದು ರಾಚಯ್ಯನವರು ಕೂರುವ ಜಾಗ. ಮನೆಯವರು ಯಾರೂ ಅದರ ಮೇಲೆ ಕಾಲಿಡುತ್ತಿರಲಿಲ್ಲ. ಚಿಕ್ಕಂದಿನಿಂದಲೂ ಎಲ್ಲರ ಕಾಲು ಅದರ ಅಂಚಿನಲ್ಲಿ ತಾನಾಗಿ ಸುತ್ತಿಕೊಂಡು ಹೋಗುತ್ತಿತ್ತು. ಬೆಳಿಗ್ಗೆ ರಾಚಯ್ಯನವರು ಬೊಡ್ಡೆಗೆ ವಿಭೂತಿ ಹಚ್ಚಿ, ಕಡಿಯುವವರಿಗೆ ಮಾತ್ರ ಕಟ್ಟೆ ಹತ್ತಲು ಅಪ್ಪಣೆ ಕೊಟ್ಟಿದ್ದರು.

ಕಡಿಯುತ್ತಿದ್ದ ವೀರಭದ್ರ ನೀರು ಕೇಳಿದ. ಬೊಡ್ಡೆಯಿಂದ ಕಟ್ಟೆಯ ಅಂಚಿಗೆ ನಡೆದು ಬಂದು ಬೊಗಸೆ ಒಡ್ಡಿದ. ರೇವಣಪ್ಪ ನೋಡುತ್ತಲೇ ನಿಂತ. ಅಷ್ಟೊಂದು ದೂರವೇ?

ನಿನ್ನೆ ಅವನು ಹಗ್ಗದ ತುದಿಯನ್ನು ಇಟ್ಟದ್ದು ಕಟ್ಟೆಯ ಅಂಚಿನಲ್ಲಿ. ಕಟ್ಟೆಯ ಮೇಲೂ ನೆರಳು ಬಿದ್ದಿತ್ತು. ಅದನ್ನು ಅವನು ಅಳೆದಿರಲಿಲ್ಲ. ಆ ಅಗಲ, ಹಗ್ಗದಲ್ಲಿ ಉಳಿದಿದ್ದ ಮಾರಿಗಿಂತ ಹೆಚ್ಚಿತ್ತು. ಅಳೆಯಬೇಕೆಂದು ಹೊಳೆದೇ ಇರಲಿಲ್ಲ.

ಮರ ಆಗಲೇ ಕಿರುಗುಟ್ಟುತ್ತಿತ್ತು. ಆಳುಗಳು ಮರಕ್ಕೆ ಕಟ್ಟಿದ ಹಗ್ಗ ಬಿಗಿಹಿಡಿದು ನಿಂತಿದ್ದರು; ಇನ್ನು ತಡೆಯುವಂತಿರಲಿಲ್ಲ. ತಪ್ಪಾಗಿದೆ ಎಂದು ಕೂಗಲು ಬಾಯಿ ತೆರೆದ. ಬೀದಿಯ ಜನರೆಲ್ಲ ಬಾವಿಯ ಬದಿಗೆ ನಿಂತು ನೋಡುತ್ತಿದ್ದರು. ಖೋಲಿಗೆ ಓಡಿದ.

"ಅವ್ವಾ, ಕೂಸಿನ ತಗೊಂಡು ಹಿತ್ತಲ ಪಡಸಾಲಿಗಿ ನಡೀರಿ."

"ಹುಚ್ಚ ಹಿಡದಾದೇನು? ಬಾಣಂತಿ..."

"ಅಯ್ಯನೋರು ಹೇಳಿ ಕಳ್ಸ್ಯಾರ. ಈಗಿಂದೀಗ ಅಂದಾರ."

ಗುರುವಿನ ಮಾತೆಂದ ಕೂಡಲೇ ಮಾಣಿಕಬಾಯಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ಚಂಪಾಬಾಯಿ ಅಣ್ಣನ ಹೆಗಲು ಹಿಡಿದು ಹೊಸ್ತಿಲು ದಾಟಿದಳು. ಅವರು ಪಡಸಾಲೆ ಸೇರುವಷ್ಟರಲ್ಲಿ ನೆಲ ನಡುಗಿತು. ಮರದ ತುದಿ ಖೋಲಿಯ ಮಾಳಿಗೆಯನ್ನು ಸೀಳಿಕೊಂಡು ಒಳಗೆ ಇಳಿದಿತ್ತು. ಚಂಪಾಬಾಯಿ ಮಲಗಿದ್ದ ಹೊರಸಿನ ಮೇಲೆಲ್ಲ ಮಣ್ಣು.

ಧೂಳು ಅಡಗುವ ಮೊದಲೇ ಮಾಣಿಕಬಾಯಿ ರಾಚಯ್ಯನವರ ಪಾದಕ್ಕೆ ಬಿದ್ದಳು. "ನೀವ್ ಹೇಳಿ ಕಳಸಲಿಲ್ಲಂದ್ರ ನನ್ನ ಕೂಸ್ ಉಳೀತಿದ್ದಿಲ್ರೀ ಅಪ್ಪಾ! ಇವನ ಲೆಕ್ಕ ನಂಬಿ ಕೂತಿದ್ದೆವು ನೋಡ್ರಿ."

ರಾಚಯ್ಯನವರು ತಲೆಯೆತ್ತಿ ರೇವಣಪ್ಪನ ಮುಖ ನೋಡಿದರು.

"ಕೂಸಿಗಿ ಗಾಳಿ ಬ್ಯಾಡ," ಎಂದರು. "ಒಳಗ ನಡೀ ತಾಯಿ."

ಅವರು ಏನನ್ನೂ ಹೇಳಿ ಕಳಿಸಿರಲಿಲ್ಲ. ಅದನ್ನು ರೇವಣಪ್ಪ ಅವ್ವನಿಗೆ ಎಂದೂ ಹೇಳಲಿಲ್ಲ.