ಉಚ್ಚಂಗಮ್ಮನ ಗಿರಣಿ

“ಎಡಕ್ಕೆ ಎತ್ರಿ, ಎಡಕ್ಕೆ! ಪೆಟ್ಟಿಗೆ ಮಿಷನ್ನಿಗೆ ತಗಲುತ್ತೆ,” ಎಂದು ಪುಷ್ಪಾ ಕೂಗಿದಳು.

ನಾಲ್ವರು ಗಂಡಸರು ಶವಪೆಟ್ಟಿಗೆಯನ್ನು ಓರೆ ಮಾಡಿ ಗಿರಣಿಯೊಳಗೆ ತಂದು, ಜೋಡಿಸಿಟ್ಟ ಎರಡು ಬೆಂಚುಗಳ ಮೇಲೆ ಇಳಿಸಿದರು. ಪೆಟ್ಟಿಗೆಯಲ್ಲಿ ಮಲಗಿದ್ದವಳು ಪುಷ್ಪಾಳ ತಾಯಿ ಉಚ್ಚಂಗಮ್ಮ. ನ್ಯಾಮತಿಯ ಆ ಬೀದಿಯಲ್ಲಿ ಮೂವತ್ತೊಂದು ವರ್ಷ ಹಿಟ್ಟಿನ ಗಿರಣಿ ನಡೆಸಿದವಳು. ಹಿಂದಿನ ದಿನ ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವಳು ಹೊನ್ನಾಳಿಯ ಆಸ್ಪತ್ರೆ ಮುಟ್ಟುವ ಮೊದಲೇ ಮಗಳ ತೊಡೆಯ ಮೇಲೆ ಹೋಗಿಬಿಟ್ಟಿದ್ದಳು.

“ಮನೇಲಿ ಇಡೋದು ಬಿಟ್ಟು ಇಲ್ಯಾಕೆ ತಂದ್ರಿ?” ಎಂದು ಅಣ್ಣ ಪರಶುರಾಮ್ ಗೊಣಗಿದ. ಜಗಳೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಬೆಳಗಿನ ಬಸ್ಸಿಗೆ ಬಂದಿಳಿದಿದ್ದ.

“ಅಮ್ಮ ದಿನಾ ಪ್ರಾರ್ಥನೆ ಮಾಡಿದ್ದು ಇಲ್ಲೇ ಅಲ್ವೇನಣ್ಣ. ಇಲ್ಲಿಂದಲೇ ಹೋಗ್ಲಿ.”

ಬೀದಿಯ ಹೆಂಗಸರು ಬಂದು ಗೋಡೆಗೊರಗಿ ಕೂತರು. ಹಿಂದಿನ ಓಣಿಯ ನಿರ್ಮಲಮ್ಮ ವಿಭೂತಿ ಹಚ್ಚಿದ ಹಣೆಯಲ್ಲೇ ಬಂದು ಪೆಟ್ಟಿಗೆಯ ಅಂಚು ಮುಟ್ಟಿ, “ಏನವ್ವ, ಹಿಂಗೆ ಹೇಳ್ದೆ ಕೇಳ್ದೆ ಹೊರಟುಬಿಟ್ಟೆ,” ಎಂದು ಅತ್ತಳು.

ಹತ್ತು ಗಂಟೆಯ ಹೊತ್ತಿಗೆ ತಿಮ್ಮೇಶ್ ಬಂದ. ಚರ್ಚಿನ ಹಿರಿಯರಲ್ಲಿ ಅವನೊಬ್ಬ. ಅಂಗನವಾಡಿಗಳಿಗೆ ಹಿಟ್ಟು ಸರಬರಾಜು ಮಾಡುವ ಗುತ್ತಿಗೆದಾರ. ದೊಡ್ಡ ಹಾರವನ್ನು ಪೆಟ್ಟಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ ನಿಂತು, ಆಮೇಲೆ ಪರಶುರಾಮನ ಭುಜ ಹಿಡಿದು ಬಾಗಿಲ ಬಳಿಗೆ ಕರೆದೊಯ್ದ. ಅವನು ದನಿ ತಗ್ಗಿಸಿದ್ದರೂ ಪುಷ್ಪಾಳಿಗೆ ಎಲ್ಲವೂ ಕೇಳಿಸಿತು.

“ಇವತ್ತು ಆಡೋ ಮಾತಲ್ಲ, ಪರಶುರಾಮ್. ಆದ್ರೆ ಬೆಳಗ್ಗೆ ಪ್ರಾರ್ಥನೆಗೆ ಕೂತಾಗ ದೇವರು ನನಗೆ ಈ ಗಿರಣಿನೇ ತೋರಿಸಿದ. ನೀನು ಜಗಳೂರು ಬಿಟ್ಟು ಬರಲ್ಲ. ಹೆಣ್ಣುಮಗಳು ಒಬ್ಳೇ ಎಷ್ಟು ದಿನ ನಡೆಸ್ತಾಳೆ? ನನಗೆ ಕೊಟ್ಟುಬಿಡ್ರಿ. ಇದು ದೇವರೇ ತೆಗೆದ ಬಾಗಿಲು.”

ಪುಷ್ಪಾ ತಲೆಯೆತ್ತಿ ನೋಡಿದಳು. ಹನ್ನೊಂದು ವರ್ಷದ ಹಿಂದೆಯೂ ಇವನು ಇದೇ ಮಾತನ್ನು ಇಲ್ಲೇ ನಿಂತು ಆಡಿದ್ದ.

*

ಉಚ್ಚಂಗಮ್ಮ ಜಗಳೂರು ಸೀಮೆಯ ಸೊಕ್ಕೆಯವಳು. ಮದುವೆಯಾಗಿ ನ್ಯಾಮತಿಗೆ ಬಂದ ಮೇಲೆ ಗಂಡನ ಜೊತೆ ದೀಕ್ಷಾಸ್ನಾನ ತೆಗೆದುಕೊಂಡಳು. ಆಗಿನ ಪಾಸ್ಟರು, “ಇನ್ನು ಮೇಲೆ ನಿನ್ನ ಹೆಸರು ಕರುಣಮ್ಮ,” ಎಂದಾಗ, “ಬ್ಯಾಡ್ರಿ ಅಯ್ಯನೋರೇ, ದೇವರಿಗೆ ನನ್ನ ಹಳೇ ಹೆಸರೇ ಗೊತ್ತೈತೆ. ಹೊಸ ಹೆಸರಿಟ್ರೆ ಹುಡುಕಾಡ್ತಾನೆ,” ಎಂದಿದ್ದಳಂತೆ. ಗಂಡ ತೀರಿಕೊಂಡಾಗ ಗಿರಣಿ ಶುರುವಾಗಿ ಎರಡೇ ವರ್ಷ. ಮಾರಿಬಿಡು ಎಂದವರೇ ಎಲ್ಲ. ಅವಳು ಬೆಲ್ಟು ಹಾಕುವುದನ್ನು, ಸವೆದ ಬೀಸುಗಲ್ಲಿಗೆ ಉಳಿ ಹೊಡೆಯುವುದನ್ನು ಕಲಿತಳು.

ಪ್ರತಿ ಬೆಳಿಗ್ಗೆ ಬಾಗಿಲು ಅರ್ಧ ತೆಗೆದು, ಖಾಲಿ ಡಬ್ಬ ಬೋರಲು ಹಾಕಿ ಕೂತು, ಪಕ್ಕದ ಮನೆಯವರ ಜೊತೆ ಮಾತಾಡಿದ ಹಾಗೆ ದೇವರ ಜೊತೆ ಮಾತಾಡುತ್ತಿದ್ದಳು. “ಸ್ವಾಮಿ, ಹಳೇ ಮೋಟರ್ ಕೈ ಕೊಡ್ತಾ ಐತೆ. ರಿಪೇರಿ ಮಾಡಿಸ್ಲೋ, ಹೊಸಾದು ತರ್ಲೋ?” ಆಮೇಲೆ ಸುಮ್ಮನೆ ಕೂರುವಳು. ಉತ್ತರ ಬರದಿದ್ದರೆ ಮರುದಿನ ಮತ್ತೆ ಅದೇ ಪ್ರಶ್ನೆ.

ಹೀಗೆ ಕೇಳಿಕೊಂಡೇ ಒಮ್ಮೆ ಶಾವಿಗೆ ಒತ್ತುವ ಮಿಷನ್ ತಂದಳು. ಒಂದು ವರ್ಷವಾದರೂ ಅದರ ಹತ್ತಿರ ಯಾರೂ ಸುಳಿಯಲಿಲ್ಲ. ಗುಜರಿಯವನು ಅದನ್ನು ಹೊತ್ತೊಯ್ಯುವಾಗ ಪುಷ್ಪಾ ನಕ್ಕಳು. “ದೇವರೇ ತಗೋ ಅಂದ ಅಂತಿದ್ದೆಯಲ್ಲಮ್ಮ?”

“ದೇವರು ಸುಮ್ನೇ ಇದ್ದ ಕಣೇ. ಮಾತಾಡಿದ್ದು ನನ್ನ ಆಸೆ. ಅದರ ದನಿ ಥೇಟ್ ಅವನ ದನಿ ಹಂಗೇ ಇರುತ್ತೆ, ನೋಡು.” ಅವಳು ನಗಲಿಲ್ಲ. “ಇನ್ನು ಮೇಲೆ ನನ್ನ ಕಿವಿ ಒಂದನ್ನೇ ನಂಬಲ್ಲ. ನಾನು ಮಾಡೋ ಕೆಲಸದಿಂದ ಯಾರಿಗೆ ಏಟು ಬೀಳುತ್ತೋ ಅವರನ್ನೂ ಹೋಗಿ ಕೇಳ್ತೀನಿ.”

ಅದಾದ ಮರುವರ್ಷವೇ ತಿಮ್ಮೇಶ್ ಆಗಿನ ಹೊಸ ಪಾಸ್ಟರ್ ಜಯಶೀಲರನ್ನು ಕರೆದುಕೊಂಡು ಗಿರಣಿಗೆ ಬಂದದ್ದು. ಅಂಗನವಾಡಿಯ ಹಿಟ್ಟು ಬೀಸುವ ಕೆಲಸ ಇಡೀ ವರ್ಷಕ್ಕೆ ಅವಳಿಗೇ ಎಂದ. ಮೊದಲ ಲೋಡಿನ ಒಂದು ಚೀಲ ಮಾದರಿಗೆಂದು ಇಳಿಸಿದ. ಉಚ್ಚಂಗಮ್ಮ ಚೀಲದೊಳಗೆ ಕೈ ಹಾಕಿದಳು. ಗೋಧಿಯ ಜೊತೆ ಹುಳಗಳೂ ಬಂದವು. ಮುಗ್ಗಲು ನಾತ ಮೂಗಿಗೆ ಬಡಿಯಿತು.

“ಹಳೇ ದಾಸ್ತಾನು, ಅಷ್ಟೇ. ಜರಡಿ ಹಿಡಿದು ಒಳ್ಳೇ ಗೋಧಿ ಬೆರೆಸಿ ಬೀಸಿದ್ರೆ ಯಾರಿಗೂ ಗೊತ್ತಾಗಲ್ಲ,” ಎಂದ ತಿಮ್ಮೇಶ್. “ನಾನು ಮೂರು ದಿನ ಉಪವಾಸ ಇದ್ದು ಪ್ರಾರ್ಥನೆ ಮಾಡೀನಿ, ಉಚ್ಚಂಗಮ್ಮ. ಇದು ದೇವರೇ ತೆಗೆದ ಬಾಗಿಲು. ಬರೋದ್ರಲ್ಲಿ ಒಂದು ಪಾಲು ಚರ್ಚಿಗೆ.”

ಪಾಸ್ಟರ್ ಕೂಡ, “ದೇವರ ಚಿತ್ತ ಇರಬಹುದಮ್ಮ,” ಎಂದರು. ಆಗ ಚರ್ಚಿಗೆ ತಗಡಿನ ಸೂರು. ಮಳೆ ಬಂದರೆ ಪ್ರಸಂಗ ಯಾರಿಗೂ ಕೇಳಿಸುತ್ತಿರಲಿಲ್ಲ.

“ನಾನೂ ಕೇಳಿ ಹೇಳ್ತೀನ್ರಿ,” ಎಂದಳು ಉಚ್ಚಂಗಮ್ಮ.

ಮರುದಿನ ಡಬ್ಬದ ಮೇಲೆ ಕೂತು ಎದ್ದವಳೇ ಅಂಗನವಾಡಿಗೆ ನಡೆದಳು. ಅಲ್ಲಿನ ಟೀಚರ್ ಸಂಘಮಿತ್ರಾ ಮಕ್ಕಳಿಗೆ ಬಡಿಸುತ್ತಿದ್ದಳು. ಉಚ್ಚಂಗಮ್ಮ ಮೂಲೆಯಲ್ಲಿ ಕೂತು, ಕೊನೆಯ ಮಗು ತಟ್ಟೆ ನೆಕ್ಕುವವರೆಗೂ ನೋಡಿದಳು. ಒಂದು ಮಗು ಬಂದು ಅವಳ ಬಾಯಿಗೂ ಒಂದು ತುತ್ತು ಇಟ್ಟಿತು.

ಸಂಜೆ ತಿಮ್ಮೇಶನಿಗೂ ಪಾಸ್ಟರಿಗೂ ಬರಹೇಳಿದಳು. ಅದೇ ಚೀಲದ ಗೋಧಿಯನ್ನು ಬೀಸಿ, ಗಿರಣಿಯ ಮೂಲೆಯ ಒಲೆಯಲ್ಲಿ ರೊಟ್ಟಿ ಬಡಿದು, ಎರಡು ತಟ್ಟೆಯಲ್ಲಿಟ್ಟು ಅವರ ಮುಂದೆ ಸರಿಸಿದಳು.

“ತಿನ್ರಿ.”

“ಏನಿದು?” ಎಂದ ತಿಮ್ಮೇಶ್.

“ದೇವರ ಚಿತ್ತ. ಮಕ್ಕಳಿಗೆ ಉಣ್ಣಿಸಾಕೆ ಮುಂಚೆ ನಾವು ಉಣ್ಣಾಣ. ನೀವಿಬ್ರೂ ಪೂರ್ತಿ ತಿಂದ್ರೆ ನಾಳೆಯಿಂದಲೇ ಬೀಸ್ತೀನಿ.”

ತಿಮ್ಮೇಶ್ ತಟ್ಟೆ ಮುಟ್ಟಲಿಲ್ಲ. ಪಾಸ್ಟರ್ ಒಂದು ಚೂರು ಮುರಿದು ಬಾಯಿಗಿಟ್ಟರು. ಅಗಿದರು. ಆಮೇಲೆ ಕರವಸ್ತ್ರ ತೆಗೆದು ಅದರೊಳಗೆ ಉಗುಳಿ, ಯಾರ ಮುಖವನ್ನೂ ನೋಡದೆ ಎದ್ದು ಹೋದರು.

“ದೇವರ ಕೆಲಸಕ್ಕೆ ಅಡ್ಡ ಬರ್ತಿದ್ದೀಯ,” ಎಂದು ತಿಮ್ಮೇಶ್ ಬೆರಳೆತ್ತಿದ.

“ಹಂಗಿದ್ರೆ ಅವನೇ ಬಂದು ನನ್ನ ಕೇಳ್ಲಿ. ನಿನ್ನನ್ಯಾಕೆ ಕಳಿಸ್ತಾನೆ?”

ಉಚ್ಚಂಗಮ್ಮನಿಂದ ವಿಷಯ ತಿಳಿದ ಸಂಘಮಿತ್ರಾ ಮೇಲಿನವರಿಗೆ ಬರೆದಳು. ಆ ಲೋಡು ವಾಪಸಾಯಿತು. ತಿಮ್ಮೇಶನ ಮಾತು ಕೇಳಿ ಚರ್ಚಿನ ಅರ್ಧದಷ್ಟು ಮನೆಯವರು ಎರಡು ವರ್ಷ ಬೇರೆ ಗಿರಣಿಗೆ ಕಾಳು ಹೊತ್ತರು. ಉಚ್ಚಂಗಮ್ಮ ಮಾತ್ರ ಒಂದು ಭಾನುವಾರವೂ ತಪ್ಪಿಸದೆ ಚರ್ಚಿನ ಮುಂದಿನ ಚಾಪೆಯಲ್ಲೇ ಕೂತಳು. ಯಾರೋ ಹಿಂದೆ ಹೋಗಿ ಕೂತುಕೋ ಎಂದಾಗ, “ಇದು ದೇವರ ಮನೆ, ತಿಮ್ಮೇಶನ ಗೋಡೌನ್ ಅಲ್ಲ,” ಎಂದು ಗಟ್ಟಿಯಾಗಿಯೇ ಹೇಳಿದ್ದಳು.

*

“ಪಾಸ್ಟರ್ ಬಂದ್ರು,” ಎಂದರು ಯಾರೋ.

ಜಯಶೀಲರ ತಲೆ ಈಗ ಪೂರ್ತಿ ನರೆತಿತ್ತು. ಪರಶುರಾಮ್ ಅವರ ಹತ್ತಿರ ಹೋದ. “ಪಾಸ್ಟ್ರೇ, ತಿಮ್ಮೇಶಣ್ಣ ಗಿರಣಿ ಕೇಳ್ತಾ ಇದಾರೆ. ನನಗೂ ಅದೇ ಸರಿ ಅನ್ಸುತ್ತೆ. ಅಮ್ಮನ ಮುಂದೆನೇ ನೀವೊಂದು ಪ್ರಾರ್ಥನೆ ಮಾಡಿ ದೇವರ ಚಿತ್ತ ಏನು ಅಂತ ಹೇಳಿಬಿಡ್ರಿ. ಪುಷ್ಪಾನೂ ಒಪ್ಕೊಳ್ತಾಳೆ.”

“ನಾನು ಒಪ್ಪಲ್ಲ,” ಎಂದಳು ಪುಷ್ಪಾ.

ಪಾಸ್ಟರ್ ಪೆಟ್ಟಿಗೆಯ ತಲೆಯ ಬಳಿ ಹೋಗಿ ನಿಂತರು.

“ಆ ಪ್ರಾರ್ಥನೆ ನಾನು ಮಾಡಲ್ಲ ಪರಶುರಾಮ್. ಹನ್ನೊಂದು ವರ್ಷದ ಹಿಂದೆ ಇಲ್ಲೇ ಕೂತು ನಾನು ಈ ತಾಯಿಗೆ ಹುಳ ಬಿದ್ದ ಗೋಧಿನ ದೇವರ ಚಿತ್ತ ಅಂತ ಹೇಳಿದ್ದೆ.” ಅವರು ಬೀದಿಯಲ್ಲಿ ನಿಂತವರಿಗೂ ಕೇಳುವ ಹಾಗೆ ಮುಂದುವರಿಸಿದರು. “ನನಗೆ ಚರ್ಚಿನ ಸೂರು ಬೇಕಾಗಿತ್ತು. ನನ್ನ ಆಸೆಗೆ ದೇವರ ಹೆಸರಿಟ್ಟೆ. ಇವರು ಬೈಯಲಿಲ್ಲ. ರೊಟ್ಟಿ ಬಡಿದು ಕೊಟ್ರು. ಅವತ್ತು ಕ್ಷಮೆ ಕೇಳಾಕೆ ಧೈರ್ಯ ಬರಲಿಲ್ಲ. ಇವತ್ತು ಕೇಳ್ತೀನಿ. ತಡವಾಯ್ತು.”

ತಿಮ್ಮೇಶನ ಮುಖ ಕೆಂಪೇರಿತು. ಅವನು ಫೋನು ತೆಗೆದು ನೋಡತೊಡಗಿದ. ಪರಶುರಾಮ್ ಪೆಟ್ಟಿಗೆಯ ಮುಚ್ಚಳ ಎತ್ತಿಕೊಂಡ.

ಊರಾಚೆಯ ಸ್ಮಶಾನದಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಮಣ್ಣಾಯಿತು. ಪುಷ್ಪಾ ಮೂರು ಹಿಡಿ ಮಣ್ಣು ಹಾಕಿ, ಅಲ್ಲೇ ಕೂತು ಕಣ್ಣು ಮುಚ್ಚಿ, ಅಮ್ಮನ ಹಾಗೆಯೇ ಕೇಳಿದಳು. “ಸ್ವಾಮಿ, ಏನು ಮಾಡ್ಲಿ?” ಏನೂ ಕೇಳಿಸಲಿಲ್ಲ. ಸಲಿಕೆಯ ಸದ್ದು, ದೂರದ ರಸ್ತೆಯಲ್ಲಿ ಬಸ್ಸಿನ ಹಾರ್ನು. ಅವಳು ಎದ್ದು ಸೀರೆ ಕೊಡವಿಕೊಂಡಳು.

ಎಲ್ಲರೂ ಗಿರಣಿಗೆ ಮರಳಿ ಕೈಕಾಲು ತೊಳೆದುಕೊಂಡರು. ತಿಮ್ಮೇಶನೂ ಬಂದ. “ಪಾಸ್ಟರಿಗೆ ದುಃಖ ಜಾಸ್ತಿಯಾಗಿ ಏನೇನೋ ಮಾತಾಡಿದ್ರು,” ಎಂದು ಪರಶುರಾಮನಿಗೆ ಹೇಳುತ್ತಿದ್ದ. “ನೀನು ನಿಧಾನಕ್ಕೆ ತಂಗಿಗೆ ತಿಳಿಸಿ ಹೇಳು.”

ಪುಷ್ಪಾ ಗೋಡೆಗೊರಗಿದ್ದ ಹೆಂಗಸರ ಮುಂದೆ ಕುಕ್ಕರಗಾಲಲ್ಲಿ ಕೂತಳು. “ಒಂದು ಮಾತು ಕೇಳ್ತೀನಿ. ಗಿರಣಿ ಮುಚ್ಚಿದ್ರೆ ನಿಮಗೇನಾಗುತ್ತೆ? ನನ್ನ ಮನಸ್ಸಿಗೆ ಹಿತ ಆಗ್ಲಿ ಅಂತ ಹೇಳಬ್ಯಾಡ್ರಿ.”

ನಿರ್ಮಲಮ್ಮ ಬಾಯಿ ಬಿಟ್ಟಳು. “ಏನಾಗುತ್ತವ್ವ, ಸಾಯಲ್ಲ. ಬಸ್ ಸ್ಟ್ಯಾಂಡ್ ಹತ್ರ ಇನ್ನೊಂದು ಐತೆ. ಆದ್ರೆ ನಾನು ಹಾಕಿದ ಕಾಳೇ ನನಗೆ ಹಿಟ್ಟಾಗಿ ಬರುತ್ತೆ ಅಂತ ಅಲ್ಲಿ ಕಾವಲು ನಿಲ್ಲಬೇಕು. ಇಲ್ಲಿ ಡಬ್ಬ ಇಟ್ಟು ಮನೆಗೆ ಹೋಗಿ ಮಲಗ್ತಿದ್ದೆ.” ಮಿಷನ್ನಿನ ಪಕ್ಕದ ಚೀಲ ತೋರಿಸಿ, “ಈಗ ಹೇಳಬಾರದು. ಮೊನ್ನೆ ಇಟ್ಟ ನಮ್ಮ ಮೆಣಸಿನಕಾಯಿ ಇನ್ನೂ ಅಲ್ಲೇ ಐತೆ. ನಾಡಿದ್ದು ತಮ್ಮನ ಮಗಳ ಮದುವೆ. ಪರವಾಗಿಲ್ಲ ಬಿಡು, ಹೊತ್ಕೊಂಡು ಹೋಗ್ತೀನಿ,” ಎಂದಳು.

ಪುಷ್ಪಾ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಏಯ್, ಏನ್ ಮಾಡ್ತಿದ್ದೀಯ?” ಪರಶುರಾಮ್ ಗಾಬರಿಯಾಗಿ ಬಂದ. “ಮಣ್ಣು ಮಾಡಿ ಇನ್ನೂ ಕೈ ಒಣಗಿಲ್ಲ. ಜನ ಏನಂತಾರೆ?”

“ಜನ ಇಲ್ಲೇ ಕೂತಾರಲ್ಲಣ್ಣ, ಕೇಳು. ಗಿರಣಿ ಕೊಡಲ್ಲ. ನನ್ನ ಸಹಿ ಇಲ್ದೆ ಕೊಡಾಕೆ ನಿನಗೂ ಆಗಲ್ಲ.” ಅವಳು ತಿಮ್ಮೇಶನ ಕಡೆ ತಿರುಗಿದಳು. “ತಿಮ್ಮೇಶಣ್ಣ, ಬಾಗಿಲಿಂದ ಸ್ವಲ್ಪ ಆ ಕಡೆ ನಿಲ್ರಿ. ಗಾಳಿ ಬರಾಕೆ ಜಾಗ ಬೇಕು.”

ಅವನು ಕದಲಲಿಲ್ಲ.

ಪುಷ್ಪಾ ಸ್ವಿಚ್ಚು ಒತ್ತಿದಳು. ಖಾರದ ಮಿಷನ್ ಕೆಮ್ಮಿ, ಗುಡುಗಿ, ಓಟ ಹಿಡಿಯಿತು. ಅವಳು ಚೀಲ ಬಗ್ಗಿಸಿ ಮೆಣಸಿನಕಾಯಿ ಸುರಿದಳು. ಕೆಂಪು ಘಾಟು ಒಂದೇ ಏಟಿಗೆ ಮೇಲೆದ್ದು ಬಾಗಿಲ ಕಡೆ ನುಗ್ಗಿತು. ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಬೆಳಗಿನಿಂದ ಒಂದು ಹನಿಯೂ ಹಾಕದಿದ್ದ ಪರಶುರಾಮ್ ಗೋಡೆ ಹಿಡಿದು ಎರಡೂ ಕಣ್ಣಲ್ಲಿ ನೀರು ಸುರಿಸಿದ. ತಿಮ್ಮೇಶ್ ಸೀನುತ್ತ, ಕೆಮ್ಮುತ್ತ, ಬಿಳಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತ ಬೀದಿಗಿಳಿದ. ಎದುರಿನ ಸೈಕಲ್ ಅಂಗಡಿಯ ಮುದುಕ ಅವನನ್ನು ಹಿಡಿದು ಕೂರಿಸಿ, ಬೆನ್ನು ಸವರಿದ. “ಅಳ್ರಿ, ಅತ್ತುಬಿಡ್ರಿ, ಯಜಮಾನ್ರೇ. ಅಂಥಾ ಹೆಣ್ಣುಮಗಳು ಮತ್ತೆ ಸಿಗಲ್ಲ.”