ಚುಕ್ಕೆಯಿಲ್ಲದ ಬಾತುಕೋಳಿ

ರದ್ದಿ ಅಂಗಡಿಯಲ್ಲಿ ಒಂದು ಕಿಲೋ ಹಳೆಯ ಚಿತ್ರಪುಸ್ತಕಕ್ಕೆ ಅರ್ಧ ಲೀಟರ್ ಹಾಲಿನ ದುಡ್ಡು. ಹರಿದದ್ದನ್ನು ಹಚ್ಚುವ ಅಂಟಿಗೆ ಅದಕ್ಕಿಂತ ಜಾಸ್ತಿ; ಹಾಗಾಗಿ ನಾನೇ ಮೈದಾ ಹಿಟ್ಟು ಕುದಿಸಿ ಅಂಟು ಮಾಡಿಕೊಳ್ಳುತ್ತೇನೆ. ಬೆನ್ನಿಗೆ ಹಳೇ ಬಟ್ಟೆಯ ಪಟ್ಟಿ ಕೊಟ್ಟರೆ ಪುಸ್ತಕ ಎರಡು ವರ್ಷ ಬಾಳುತ್ತದೆ. ಕೆಲಸಕ್ಕೆ ಹೋಗುವವರ ಹನ್ನೊಂದು ಮಕ್ಕಳನ್ನು ಎರಡು ಕೋಣೆಯಲ್ಲಿ ನೋಡಿಕೊಳ್ಳುವವಳಿಗೆ ಇಷ್ಟು ಲೆಕ್ಕ ಗೊತ್ತಿರಬೇಕು.

ಮಕ್ಕಳಿಗೆ ಕರಡಿಮರಿಯ ಪುಸ್ತಕವೆಂದರೆ ಪ್ರಾಣ. ಕರಡಿಮರಿ ಗುಂಡಿಗೆ ಬೀಳುತ್ತದೆ, ಬಾತುಕೋಳಿ ಹಗ್ಗ ತಂದು ಕೊಡುತ್ತದೆ, ಇಬ್ಬರೂ ಗೆಳೆಯರಾಗುತ್ತಾರೆ. ಆಮೇಲೆ ಬಾತು ಎಲ್ಲೋ ಹೋಗುತ್ತದೆ. ಕರಡಿಮರಿ ಊಟ ಬಿಟ್ಟು ಬಾಗಿಲಲ್ಲಿ ಕಾಯುತ್ತದೆ. ಕೊನೆಯ ಹಾಳೆಯನ್ನು ಯಾರೋ ಹರಿದಿದ್ದರು. ನಾನು ಬೇರೊಂದು ಪುಸ್ತಕದ ಬಾತನ್ನು ಕತ್ತರಿಸಿ ರಟ್ಟಿನ ಒಳಮೈಗೆ ಅಂಟಿಸಿ, ‘ಬಾತು ವಾಪಸ್ ಬಂತು’ ಎಂದು ಓದುತ್ತಾ ಬಂದೆ. ಯಾರೂ ತಕರಾರು ತೆಗೆದಿರಲಿಲ್ಲ.

ಆ ಹನ್ನೊಂದು ಮಕ್ಕಳಲ್ಲಿ ಡುಮ್ಮ ಎಂಬ ಹುಡುಗ, ಗುಬ್ಬಿ ಎಂಬ ಹುಡುಗಿ; ಇಬ್ಬರಿಗೂ ನಾಲ್ಕು ವರ್ಷ, ಇಬ್ಬರಿಗೂ ಒಂದೇ ಚಾಪೆ. ಜ್ವರ ಬಂದು ಮೂರೇ ದಿನದಲ್ಲಿ ಡುಮ್ಮ ತೀರಿಕೊಂಡ. ದೊಡ್ಡವರೆಲ್ಲ ಸೇರಿ ಗುಬ್ಬಿಗೆ, “ಊರಿಗೆ ಹೋಗಿದಾನೆ, ಬರ್ತಾನೆ” ಎಂದೆವು. ಅವಳು ಅವನ ಲೋಟ ಪಕ್ಕದಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತಳು. ಊಟದ ಡಬ್ಬಿ ತುಂಬಿದ್ದು ತುಂಬಿದಂತೆಯೇ ಮನೆಗೆ ಹೋಗತೊಡಗಿತು.

ಐದನೇ ದಿನ ಅವಳಪ್ಪ ಬಂದ. ಬಸ್ ಡ್ರೈವರ್, ಡ್ಯೂಟಿ ಬಟ್ಟೆಯಲ್ಲೇ ಇದ್ದ.

“ಅಕ್ಕಾ, ಮನೇಲೂ ಬಾಯಿ ತೆರೀತಿಲ್ಲ. ಕರಡಿಮರೀನೂ ತಿಂದಿಲ್ಲ ಅಂತಾಳೆ. ನೀವೇ ಏನಾದ್ರೂ ಮಾಡಿ.”

ಪುಸ್ತಕ ತೆಗೆದು ಓದಿದೆ. ಕೊನೆಗೆ ಬಂದಾಗ ಗುಬ್ಬಿ ಬೆರಳಿಟ್ಟಳು.

“ಅತ್ತೇ, ಇದು ಆ ಬಾತು ಅಲ್ಲ.”

“ಅದೇ ಕಣೇ.”

“ಅದರ ರೆಕ್ಕೇಲಿ ಕಪ್ಪು ಚುಕ್ಕೆ ಇತ್ತು. ಇದಕ್ಕೆ ಎಲ್ಲಿ?”

“ಊರಲ್ಲಿ ಯಾರೋ ಸ್ನಾನ ಮಾಡಿಸಿದ್ರೇನೋ, ತೊಳೆದು ಹೋಗಿದೆ.”

“ಹೋಗಲ್ಲ. ಡುಮ್ಮನ ಕೆನ್ನೆ ಮಚ್ಚೆ ನೀನು ದಿನಾ ಉಜ್ಜಿದ್ರೂ ಹೋಗಲಿಲ್ಲ.”

ಅಂಚನ್ನು ಉಗುರಿನಿಂದ ಕೆರೆದಳು. ಅಂಟು ಒಣಗಿತ್ತು, ಬಾತು ಎದ್ದು ಬಂತು. ಕೆಳಗೆ ಬರೀ ರಟ್ಟು.

“ನೀನು ಅಂಟಿಸಿದ್ದಾ?”

“ಹೂಂ.”

“ಹಾಗಾದ್ರೆ ಬಾತು ಬರಲೇ ಇಲ್ವಾ?”

“ಗೊತ್ತಿಲ್ಲ ಪುಟ್ಟಾ. ಆ ಹಾಳೆ ನನಗೂ ಸಿಗಲಿಲ್ಲ.”

“ಡುಮ್ಮ?”

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಉಣ್ಣದೆ ಸೊರಗಿದ ಅವಳ ಮಣಿಕಟ್ಟು ನನ್ನ ಎರಡು ಬೆರಳೊಳಗೆ ಸಡಿಲವಾಗಿ ಆಡುತ್ತಿತ್ತು.

“ಅವನು ಸತ್ತುಹೋದ ಕಂದಾ. ಇನ್ನು ಬರಲ್ಲ.”

ನನ್ನ ಮಡಿಲು ತೋಯುವಷ್ಟು ಅತ್ತಳು. ಅಳು ನಿಂತ ಮೇಲೆ ನನ್ನ ಕೈಯಿಂದಲೇ ನಾಲ್ಕು ತುತ್ತು ತಿಂದಳು. ಮರುದಿನ ಅರ್ಧ ಡಬ್ಬಿ ಖಾಲಿಯಾಯಿತು.

ಈಗ ನಾನು ಯಾವ ಪುಸ್ತಕ ತೆರೆದರೂ ಅವಳು ಮೊದಲು ಕೊನೆಯ ಪುಟ ಕೆರೆದು ನೋಡುತ್ತಾಳೆ. “ಅಪ್ಪ ಆರು ಗಂಟೆಗೆ ಬರ್ತಾನೆ” ಎಂದರೂ, ಅವನು ಕಣ್ಣಿಗೆ ಬೀಳುವವರೆಗೆ ಬಾಗಿಲು ಬಿಟ್ಟು ಅಲ್ಲಾಡುವುದಿಲ್ಲ. ಮಗು ಉಂಡಿತು. ನನ್ನ ಮಾತನ್ನು ನಂಬುವುದನ್ನು ಮಾತ್ರ ಬಿಟ್ಟಿತು.